ಶಾಲೆಗೆ ತಂತ್ರಾಂಶ ಕೊಳ್ಳುವ ಮುನ್ನ: ಗುಣಮಟ್ಟ ಮತ್ತು ಬಳಕೆಯ ಯೋಗ್ಯತೆಯನ್ನು ಅಳೆಯುವ ಬಗೆ

ಕರ್ನಾಟಕದ ವರ್ತಕ ಸಮುದಾಯಕ್ಕೂ ವಿದ್ಯಾಸಂಸ್ಥೆಗಳಿಗೂ ಇರುವ ನಂಟು ಹಳೆಯದು. ಅನೇಕ ತಾಲ್ಲೂಕು ಕೇಂದ್ರಗಳಲ್ಲಿ ಖಾಸಗಿ ಶಾಲೆಯ ಆಡಳಿತ ಮಂಡಳಿಯ ಪಟ್ಟಿಯನ್ನು ತೆಗೆದು ನೋಡಿದರೆ ಅಕ್ಕಿ ಗಿರಣಿಯ ಮಾಲೀಕರು, ಜವಳಿ ವರ್ತಕರು, ಎ.ಪಿ.ಎಂ.ಸಿ. ಯಾರ್ಡಿನ ದಲಾಲರು, ಕೈಗಾರಿಕಾ ವಸಾಹತಿನ ಸಣ್ಣ ಉದ್ದಿಮೆದಾರರು ಅಧ್ಯಕ್ಷರಾಗಿಯೋ ಖಜಾಂಚಿಯಾಗಿಯೋ ಕಾಣಸಿಗುತ್ತಾರೆ. ಆಡಳಿತ ಮಂಡಳಿಯಲ್ಲಿ ಇಲ್ಲದವರೂ ತಾವು ಓದಿದ ಶಾಲೆಗೆ ದೇಣಿಗೆಯಾಗಿ ಒಂದು ‘ಸ್ಮಾರ್ಟ್ ಕ್ಲಾಸ್’ ಕೊಡಿಸುವ ಮನಸ್ಸು ಮಾಡುವುದುಂಟು.

ಇದೇ ಜನ ತಮ್ಮ ವ್ಯವಹಾರದಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡದೆ ಧಾರಣೆ ಹೇಳುವವರಲ್ಲ. ಒಂದು ಲೇತ್ ಯಂತ್ರವನ್ನು ಕೊಳ್ಳುವಾಗ ಅದನ್ನು ನಡೆಸಬೇಕಾದ ಕೆಲಸಗಾರನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನ ಕೈಯಿಂದಲೇ ಒಂದು ಬಿಡಿಭಾಗವನ್ನು ಕಡೆಯಿಸಿ, ಅಳತೆ ಹಿಡಿದು ನೋಡುತ್ತಾರೆ. ಆದರೆ ಶಾಲೆಗೆ ಹಲವು ಲಕ್ಷ ರೂಪಾಯಿಗಳ ಬೋಧನಾ ತಂತ್ರಾಂಶವನ್ನು ಕೊಳ್ಳುವ ಸಂದರ್ಭ ಬಂದಾಗ ಈ ಎಚ್ಚರವೆಲ್ಲ ಮರೆಯಾಗುತ್ತದೆ. ಮಾರಾಟ ಪ್ರತಿನಿಧಿಯು ಅರ್ಧ ಗಂಟೆ ಪರದೆಯ ಮೇಲೆ ಹೃದಯ ಬಡಿಯುವುದನ್ನೂ ಜ್ವಾಲಾಮುಖಿ ಉಕ್ಕುವುದನ್ನೂ ತೋರಿಸುತ್ತಾನೆ. ಮಂಡಳಿಯ ಸದಸ್ಯರು ಮೆಚ್ಚುತ್ತಾರೆ. ಚೆಕ್ಕಿಗೆ ಸಹಿ ಬೀಳುತ್ತದೆ. ಆ ತಂತ್ರಾಂಶವನ್ನು ದಿನವೂ ಬಳಸಬೇಕಾದ ಶಿಕ್ಷಕರು ಆ ಹೊತ್ತಿನಲ್ಲಿ ತರಗತಿಯಲ್ಲಿ ಪಾಠ ಮಾಡುತ್ತಿರುತ್ತಾರೆ. ಎರಡು ವರ್ಷಗಳ ನಂತರ ಪರದೆಯ ಮೇಲೆ ಧೂಳು ಕುಳಿತಾಗ ‘ನಮ್ಮ ಶಿಕ್ಷಕರಿಗೆ ಆಸಕ್ತಿಯಿಲ್ಲ’ ಎಂಬ ದೂರು ಹೊರಡುತ್ತದೆ. ಹಣ ತೆತ್ತವನು ಬೇರೆ, ಬಳಸುವವನು ಬೇರೆ, ಫಲ ಉಣ್ಣಬೇಕಾದ ಮಗು ಇನ್ನೂ ಬೇರೆ. ಈ ಮೂವರ ಅಂತರವೇ ಇಂತಹ ಖರೀದಿಗಳು ವಿಫಲವಾಗುವುದಕ್ಕೆ ಮುಖ್ಯ ಕಾರಣ.

ಅನುಭವ ಏನು ಹೇಳುತ್ತದೆ?

ಬೋಧನಾ ತಂತ್ರಾಂಶ ಹೊಸ ಸರಕೇನೂ ಅಲ್ಲ. ಭಾರತದ ಶಾಲೆಗಳಿಗೆ ಗಣಕಯಂತ್ರಗಳನ್ನು ಪರಿಚಯಿಸುವ ‘ಕ್ಲಾಸ್’ ಯೋಜನೆ 1984-85ರಲ್ಲಿಯೇ ಬಿ.ಬಿ.ಸಿ. ಮೈಕ್ರೋ ಯಂತ್ರಗಳೊಂದಿಗೆ ಆರಂಭವಾಗಿತ್ತು. ಆದ್ದರಿಂದ ಈ ವಿಷಯದಲ್ಲಿ ಊಹೆಗಿಂತ ಪುರಾವೆಯನ್ನು ಆಶ್ರಯಿಸಲು ಈಗ ಸಾಧ್ಯವಿದೆ.

ಅಮೆರಿಕದ ಶಿಕ್ಷಣ ಇಲಾಖೆಯು ಅಲ್ಲಿನ ಸಂಸತ್ತಿನ ನಿರ್ದೇಶನದಂತೆ ಓದು ಮತ್ತು ಗಣಿತದ ತಂತ್ರಾಂಶಗಳ ಬಗ್ಗೆ ನಡೆಸಿದ ದೊಡ್ಡ ಅಧ್ಯಯನದ ಮೊದಲ ವರದಿ 2007ರಲ್ಲಿ ಹೊರಬಂದಿತು. 132 ಶಾಲೆಗಳ 439 ಶಿಕ್ಷಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಂತ್ರಾಂಶ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಲಾಯಿತು. ಒಂದು ವರ್ಷದ ಕೊನೆಯಲ್ಲಿ ಎರಡೂ ಗುಂಪುಗಳ ಮಕ್ಕಳ ಅಂಕಗಳಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಇದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ತರಬೇತಿ ಮುಗಿದ ದಿನ ಬಹುಪಾಲು ಶಿಕ್ಷಕರು ತಮಗೆ ಆತ್ಮವಿಶ್ವಾಸ ಬಂದಿದೆ ಎಂದರು. ತರಗತಿಯಲ್ಲಿ ಬಳಸತೊಡಗಿದ ಮೇಲೆ ಅವರ ವಿಶ್ವಾಸ ಕುಗ್ಗಿತು. ತರಬೇತಿಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನೂ ಗಂಭೀರವಾದ ಪಾಠ ಗುಜರಾತಿನಿಂದ ಬಂದಿದೆ. ಅಲ್ಲಿ ‘ಜ್ಞಾನ ಶಾಲಾ’ ಎಂಬ ಸ್ವಯಂಸೇವಾ ಸಂಸ್ಥೆಯ ಶಾಲೆಗಳಲ್ಲಿ ಗಣಿತದ ತಂತ್ರಾಂಶವನ್ನು ಎರಡು ರೀತಿಯಲ್ಲಿ ಬಳಸಿ ನೋಡಲಾಯಿತು. ಮೊದಲ ರೀತಿಯಲ್ಲಿ ಶಿಕ್ಷಕರ ಪಾಠದ ಸಮಯವನ್ನೇ ಕಡಿತ ಮಾಡಿ ಆ ಜಾಗದಲ್ಲಿ ಗಣಕಯಂತ್ರ. ಎರಡನೆಯದರಲ್ಲಿ ಶಾಲೆ ಮುಗಿದ ಮೇಲೆ ಹೆಚ್ಚುವರಿ ಅಭ್ಯಾಸಕ್ಕಾಗಿ ಗಣಕಯಂತ್ರ. ಅರ್ಥಶಾಸ್ತ್ರಜ್ಞ ಲೀ ಲಿಂಡನ್ 2008ರಲ್ಲಿ ನೀಡಿದ ಫಲಿತಾಂಶದಂತೆ ಎರಡನೆಯ ರೀತಿಯಲ್ಲಿ ಮಕ್ಕಳ ಕಲಿಕೆ 0.28 ಪ್ರಮಾಣ ವಿಚಲನೆಯಷ್ಟು ಏರಿತು. ಮೊದಲ ರೀತಿಯಲ್ಲಿ 0.57ರಷ್ಟು ಕುಸಿಯಿತು. ತಂತ್ರಾಂಶ ಒಂದೇ. ಒಳ್ಳೆಯ ಪಾಠದ ಸ್ಥಾನವನ್ನು ಅದು ಆಕ್ರಮಿಸಿದಾಗ ನಷ್ಟ, ಪಾಠಕ್ಕೆ ಪೂರಕವಾದಾಗ ಲಾಭ. ಕೆಟ್ಟ ಖರೀದಿಯಿಂದ ಹೆಚ್ಚೆಂದರೆ ಹಣ ಹೋಗುತ್ತದೆ ಎಂದು ಭಾವಿಸುವವರು ಈ ಋಣಾತ್ಮಕ ಅಂಕಿಯನ್ನು ಗಮನಿಸಬೇಕು. ಮಕ್ಕಳು ಕಲಿಯಬೇಕಾದದ್ದನ್ನೂ ಕಳೆದುಕೊಳ್ಳುವ ಸಾಧ್ಯತೆ ಇದೆ.

ಹಾಗೆಂದು ಎಲ್ಲವೂ ನಿರಾಶೆಯ ಕಥೆಯಲ್ಲ. ಅಹಮದಾಬಾದಿನ ಎಜುಕೇಷನಲ್ ಇನಿಷಿಯೇಟಿವ್ಸ್ ಸಂಸ್ಥೆಯ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶವನ್ನು ದೆಹಲಿಯಲ್ಲಿ ಶಾಲಾ ಅವಧಿಯ ನಂತರದ ಕೇಂದ್ರಗಳಲ್ಲಿ ಬಳಸಿದಾಗ ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಯಷ್ಟು ಪ್ರಗತಿ ಕಂಡುಬಂದಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದರು. ಪ್ರತಿ ಮಗುವಿನ ನಿಜವಾದ ಮಟ್ಟವನ್ನು ಅರಿತು ಅಲ್ಲಿಂದಲೇ ಪಾಠ ಆರಂಭಿಸುವುದು ಅದರ ವಿಶೇಷ. ಆದರೆ ಅಲ್ಲಿಯೂ 90 ನಿಮಿಷಗಳ ಅವಧಿಯಲ್ಲಿ ಅರ್ಧ ಸಮಯ ತಂತ್ರಾಂಶ, ಉಳಿದರ್ಧ ಸಣ್ಣ ಗುಂಪುಗಳಿಗೆ ಸಹಾಯಕ ಬೋಧಕರ ಪಾಠ ಇತ್ತು ಎಂಬುದನ್ನು ಮರೆಯಬಾರದು. ಮಾರಾಟ ಪ್ರತಿನಿಧಿಗಳು ಇಂತಹ ಅಧ್ಯಯನಗಳನ್ನು ಉಲ್ಲೇಖಿಸುವಾಗ ಈ ಅರ್ಧವನ್ನು ಬಿಟ್ಟುಬಿಡುವುದು ಸಹಜ.

ನಮ್ಮ ರಾಜ್ಯದ ಅನುಭವವೂ ಇದಕ್ಕೆ ಹೊರತಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2000ರ ದಶಕದ ಆರಂಭದಲ್ಲಿ ಗಣಕಯಂತ್ರ ನೆರವಿನ ಕಲಿಕೆಗಾಗಿ ಹಲವು ಭಾಷೆಗಳಲ್ಲಿ ಸಿ.ಡಿ.ಗಳನ್ನು ಸಿದ್ಧಪಡಿಸಿ ಸಾವಿರಾರು ಸರ್ಕಾರಿ ಶಾಲೆಗಳಿಗೆ ತಲುಪಿಸಿತು. ಕೆಲವು ವರ್ಷಗಳ ನಂತರ ಆ ಸಂಸ್ಥೆಯೇ ತನ್ನ ಕೆಲಸವನ್ನು ಪರಾಮರ್ಶಿಸಿ, ಶಿಕ್ಷಕರ ಸಾಮರ್ಥ್ಯವನ್ನು ಬೆಳೆಸುವ ಕಡೆಗೆ ತನ್ನ ಗಮನವನ್ನು ತಿರುಗಿಸಿತು. ಸ್ವಂತ ಯೋಜನೆಯನ್ನು ಹೀಗೆ ತೂಗಿ ನೋಡಿ ದಾರಿ ಬದಲಿಸುವ ಧೈರ್ಯ ಉದ್ಯಮ ವಲಯದಿಂದ ಬಂದವರಿಗೆ ಶೋಭಿಸುವಂಥದೇ. ಬೆಂಗಳೂರಿನ ‘ಐ.ಟಿ. ಫಾರ್ ಚೇಂಜ್’ ಸಂಸ್ಥೆ 2010ರಲ್ಲಿ ಕರ್ನಾಟಕ ಮತ್ತು ಕೇರಳದ ಶಾಲಾ ಗಣಕ ಶಿಕ್ಷಣವನ್ನು ಹೋಲಿಸಿತು. ಕರ್ನಾಟಕದಲ್ಲಿ ಯಂತ್ರವನ್ನೂ ಬೋಧಕರನ್ನೂ ಖಾಸಗಿ ಕಂಪನಿಗಳಿಂದ ಗುತ್ತಿಗೆಗೆ ಪಡೆಯಲಾಗಿತ್ತು. ಕೇರಳವು ತನ್ನ ಶಾಲೆಗಳ ಶಿಕ್ಷಕರನ್ನೇ ತರಬೇತುಗೊಳಿಸಿತ್ತು. ಕೇರಳದ ದಾರಿಯೇ ಹೆಚ್ಚು ಫಲಕಾರಿ ಎಂದು ಆ ಹೋಲಿಕೆ ಕಂಡುಕೊಂಡಿತು.

‘ಗುಣಮಟ್ಟ’ ಎಂದರೇನು, ‘ಬಳಕೆಯ ಯೋಗ್ಯತೆ’ ಎಂದರೇನು?

ಐ.ಎಸ್.ಒ. ಪ್ರಮಾಣಪತ್ರದ ಪರಿಚಯವಿರುವ ಉದ್ದಿಮೆದಾರರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ತಂತ್ರಾಂಶದ ಗುಣಮಟ್ಟದ ಬಗ್ಗೆ ಐ.ಎಸ್.ಒ. 9126 ಎಂಬ ಮಾನಕವಿತ್ತು. 2011ರಲ್ಲಿ ಅದರ ಸ್ಥಾನವನ್ನು 25010 ಸಂಖ್ಯೆಯ ಮಾನಕ ತೆಗೆದುಕೊಂಡಿತು. ಕಾರ್ಯನಿರ್ವಹಣೆ, ವಿಶ್ವಾಸಾರ್ಹತೆ, ಸುರಕ್ಷತೆ, ಬೇರೆ ಯಂತ್ರಗಳಿಗೆ ಸಾಗಿಸುವ ಅನುಕೂಲ ಇತ್ಯಾದಿ ಗುಣಗಳು ಇದರಲ್ಲಿ ಸೇರುತ್ತವೆ. ಬಳಕೆಯ ಯೋಗ್ಯತೆಗೆ ಐ.ಎಸ್.ಒ. 9241ರ 11ನೆಯ ಭಾಗ ಬೇರೆಯದೇ ವ್ಯಾಖ್ಯೆ ಕೊಡುತ್ತದೆ. ಅದರ ತಾತ್ಪರ್ಯವಿಷ್ಟು: ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಉದ್ದೇಶವನ್ನು, ನಿರ್ದಿಷ್ಟ ಸನ್ನಿವೇಶದಲ್ಲಿ ಎಷ್ಟು ಪರಿಣಾಮಕಾರಿಯಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ತೃಪ್ತಿಯಿಂದ ಸಾಧಿಸಬಲ್ಲರು ಎಂಬುದು.

ಇಲ್ಲಿ ‘ನಿರ್ದಿಷ್ಟ’ ಎಂಬ ಪದವೇ ಮುಖ್ಯವಾದುದು. ಬಳಕೆಯ ಯೋಗ್ಯತೆ ಪೆಟ್ಟಿಗೆಯೊಳಗೆ ತುಂಬಿಟ್ಟ ಗುಣವಲ್ಲ. ಹವಾನಿಯಂತ್ರಿತ ಸಭಾಂಗಣದಲ್ಲಿ ಪ್ರತಿನಿಧಿಯ ಕೈಯಲ್ಲಿ ಸರಾಗವಾಗಿ ಓಡುವ ತಂತ್ರಾಂಶವು, ಐವತ್ತು ಮಕ್ಕಳ ಗದ್ದಲದ ನಡುವೆ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಮಧ್ಯೆ ಒಮ್ಮೆ ವಿದ್ಯುತ್ ಹೋಗಿ ಬರುವ ಕೊಠಡಿಯಲ್ಲಿ, ಕನ್ನಡ ಮಾಧ್ಯಮದ ಸಮಾಜ ವಿಜ್ಞಾನದ ಶಿಕ್ಷಕಿಯ ಕೈಯಲ್ಲಿ ಹೇಗೆ ನಡೆಯುತ್ತದೆ ಎಂಬುದೇ ಪ್ರಶ್ನೆ. ತಂತ್ರಾಂಶ ತೆರೆದುಕೊಳ್ಳಲು ಆರು ನಿಮಿಷ ಹಿಡಿದರೆ ಪಾಠದ ಸಮಯದಲ್ಲಿ ಶೇಕಡಾ 15 ಅಲ್ಲಿಗೇ ಕೈಬಿಟ್ಟಿತು.

ಮೌಲ್ಯಮಾಪನಕ್ಕೆಂದು ಸಿದ್ಧಪಟ್ಟಿಗಳು ಬಳಕೆಯಲ್ಲಿವೆ. ‘ಧ್ವನಿ ಇದೆಯೇ? ಚಿತ್ರ ಇದೆಯೇ? ಪ್ರಶ್ನಕೋಶ ಇದೆಯೇ?’ ಎಂದು ಗೆರೆ ಎಳೆದು ಗುರುತು ಹಾಕುವ ಪಟ್ಟಿಗಳು ಇವು. ಡೇವಿಡ್ ಸ್ಕ್ವೈರ್ಸ್ ಮತ್ತು ಆನ್ ಮ್ಯಾಕ್‌ಡೂಗಲ್ ಎಂಬ ವಿದ್ವಾಂಸರು 1994ರಷ್ಟು ಹಿಂದೆಯೇ ಶಿಕ್ಷಕರಿಗಾಗಿ ಬರೆದ ಕೈಪಿಡಿಯಲ್ಲಿ ಇವುಗಳ ಮಿತಿಯನ್ನು ತೋರಿಸಿಕೊಟ್ಟರು. ತಂತ್ರಾಂಶದ ವಿನ್ಯಾಸಕ, ಶಿಕ್ಷಕ, ವಿದ್ಯಾರ್ಥಿ ಈ ಮೂವರ ಪರಸ್ಪರ ವ್ಯವಹಾರವನ್ನು ನೋಡಬೇಕು ಎಂಬುದು ಅವರ ವಾದ. ಪಟ್ಟಿಯಲ್ಲಿ ಎಲ್ಲಕ್ಕೂ ಗುರುತು ಬಿದ್ದ ತಂತ್ರಾಂಶವೂ ತರಗತಿಯಲ್ಲಿ ನಿಷ್ಪ್ರಯೋಜಕವಾಗಬಹುದು. ಖರ್ಚಿನ ವೋಚರುಗಳೆಲ್ಲ ಕ್ರಮಬದ್ಧವಾಗಿದ್ದೂ ವ್ಯವಹಾರ ನಷ್ಟದಲ್ಲಿರುವುದಿಲ್ಲವೇ, ಹಾಗೆ.

ಪಾಠದ ತಿರುಳನ್ನು ಪರೀಕ್ಷಿಸುವುದು

ಮೊದಲ ಕೆಲಸವಾಗಿ, ಹತ್ತು ಅಧ್ಯಾಯಗಳನ್ನು ಮೇಲಿಂದ ಮೇಲೆ ನೋಡುವ ಬದಲು ಒಂದೇ ಅಧ್ಯಾಯವನ್ನು ಆಯಾ ವಿಷಯದ ಶಿಕ್ಷಕರು ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಅಧ್ಯಾಯವನ್ನು ಆರಿಸುವವರು ಶಿಕ್ಷಕರಾಗಿರಬೇಕೇ ಹೊರತು ಮಾರಾಟಗಾರರಲ್ಲ. ರಾಜ್ಯದ ಪಠ್ಯಪುಸ್ತಕದೊಂದಿಗೆ ಅದು ಹೊಂದುತ್ತದೆಯೇ ಎಂಬುದನ್ನು ಪುಟಪುಟವಾಗಿ ಹೋಲಿಸಬೇಕು.

ಎರಡನೆಯದು, ತಪ್ಪು ಉತ್ತರದ ಪರೀಕ್ಷೆ. ಗಣಿತ ಬಲ್ಲ ಯಾವ ಸದಸ್ಯರೂ ಇದನ್ನು ಸ್ವತಃ ಮಾಡಿ ನೋಡಬಹುದು. ಭಿನ್ನರಾಶಿಗಳ ಪಾಠವನ್ನು ತೆರೆದು, ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸುವ ಲೆಕ್ಕಕ್ಕೆ ಬೇಕೆಂದೇ ಐದನೆಯ ಎರಡು ಎಂದು ಉತ್ತರ ಕೊಡಬೇಕು. ಸರಿಯುತ್ತರ ಆರನೆಯ ಐದು. ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸುವುದು ಮಕ್ಕಳು ಮಾಡುವ ಅತಿ ಸಾಮಾನ್ಯ ತಪ್ಪು. ಒಳ್ಳೆಯ ತಂತ್ರಾಂಶ ಈ ತಪ್ಪನ್ನು ಗುರುತಿಸಿ, ‘ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರಲು ಸಾಧ್ಯವೇ?’ ಎಂಬಂತಹ ಪ್ರಶ್ನೆಯಿಂದ ಮಗುವನ್ನು ಯೋಚನೆಗೆ ಹಚ್ಚುತ್ತದೆ. ಕಳಪೆ ತಂತ್ರಾಂಶ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಬಳಿಕ ಪ್ರತಿ ಪ್ರಶ್ನೆಗೂ ಓದದೆಯೇ ಮೊದಲ ಉತ್ತರವನ್ನು ಒತ್ತುತ್ತಾ ಹೋಗಬೇಕು. ಹೀಗೆ ಒತ್ತಿದವನಿಗೂ ಕೊನೆಯಲ್ಲಿ ನಕ್ಷತ್ರಗಳು, ಚಪ್ಪಾಳೆ ಸಿಕ್ಕಿದರೆ ಆ ತಂತ್ರಾಂಶ ಕಲಿಕೆಯನ್ನು ಅಳೆಯುತ್ತಿಲ್ಲ ಎಂದೇ ಅರ್ಥ. ಹತ್ತು ನಿಮಿಷದ ಈ ಪರೀಕ್ಷೆ ಬಣ್ಣದ ಕರಪತ್ರಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಮೂರನೆಯದು ಕನ್ನಡ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಇಂಗ್ಲಿಷಿನಲ್ಲಿ ತಯಾರಾದ ಪಾಠಗಳನ್ನು ಯಂತ್ರಾನುವಾದದಿಂದ ಕನ್ನಡಕ್ಕೆ ತಿರುಗಿಸಿ ಮಾರುವುದು ಈಗ ಬಹಳ ಅಗ್ಗವಾಗಿದೆ. ಗಣಿತದ ‘ಪವರ್’ ಎಂಬುದು ‘ಘಾತ’ವಾಗುವ ಬದಲು ‘ಶಕ್ತಿ’ಯಾಗುವುದು, ‘ಟೇಬಲ್’ ಎಂಬುದು ‘ಕೋಷ್ಟಕ’ವಾಗದೆ ‘ಮೇಜು’ ಆಗುವುದು, ‘ರೈಟ್ ಆಂಗಲ್’ ಎಂಬುದು ‘ಲಂಬಕೋನ’ದ ಬದಲು ‘ಸರಿಯಾದ ಕೋನ’ವಾಗುವುದು ಇಂತಹ ಅನುವಾದದ ಲಕ್ಷಣಗಳು. ಪಠ್ಯಪುಸ್ತಕದಲ್ಲಿ ‘ಲಘುತ್ತಮ ಸಾಮಾನ್ಯ ಅಪವರ್ತ್ಯ’ ಎಂದು ಕಲಿತ ಮಗುವಿಗೆ ಪರದೆಯ ಮೇಲೆ ಬೇರೊಂದು ಹೆಸರು ಕಂಡರೆ ಅದು ಬೇರೆಯೇ ವಿಷಯವೆಂದು ತೋರುತ್ತದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಮಕ್ಕಳೇ.

ಅಕ್ಷರಗಳ ವಿಷಯವೂ ಹಾಗೆಯೇ. ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಬಳಸುತ್ತದೆಯೋ ಅಥವಾ ಹಳೆಯ ಫಾಂಟುಗಳ ಸಂಕೇತವನ್ನೋ ಎಂದು ಕೇಳಬೇಕು. ಹಳೆಯ ಸಂಕೇತದಲ್ಲಿ ತುಂಬಿದ ಪ್ರಶ್ನಕೋಶದಲ್ಲಿ ಪದ ಹುಡುಕುವುದೂ ಅದನ್ನು ಬೇರೊಂದು ತಂತ್ರಾಂಶಕ್ಕೆ ಸಾಗಿಸುವುದೂ ಕಷ್ಟ. ಶಿಕ್ಷಕರೊಬ್ಬರು ‘ಸೂರ್ಯ’, ‘ವರ್ಗಮೂಲ’, ‘ರಾಷ್ಟ್ರೀಯ’ ಎಂಬ ಪದಗಳಿರುವ ಪ್ರಶ್ನೆಯೊಂದನ್ನು ತಾವೇ ಬೆರಳಚ್ಚಿಸಿ, ಮುದ್ರಿಸಿ, ನಂತರ ಹುಡುಕಿ ನೋಡಲಿ. ಅರ್ಕಾವತ್ತು ಹಾಗೂ ಒತ್ತಕ್ಷರಗಳು ಸರಿಯಾಗಿ ಬಂದರೆ ಆ ಮಟ್ಟಿಗೆ ನಿಶ್ಚಿಂತೆ.

ಬಳಸಿ ನೋಡುವ ಪರೀಕ್ಷೆ

ಬಳಕೆಯ ಯೋಗ್ಯತೆಯನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಶನಿವಾರದ ಅರ್ಧ ದಿನ ಸಾಕು. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ತೋರಿಸಿದ ಲೆಕ್ಕದಂತೆ ಐದು ಜನ ಬಳಕೆದಾರರನ್ನು ಗಮನಿಸಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು ಶೇಕಡಾ 85ರಷ್ಟು ಬೆಳಕಿಗೆ ಬರುತ್ತವೆ. ಆ ಐವರಲ್ಲಿ ಗಣಕಯಂತ್ರದಲ್ಲಿ ಪಳಗಿದ ಯುವ ಶಿಕ್ಷಕರಷ್ಟೇ ಇದ್ದರೆ ಪ್ರಯೋಜನವಿಲ್ಲ. ನಿವೃತ್ತಿಗೆ ಹತ್ತಿರವಿರುವ, ‘ಇದೆಲ್ಲ ನನಗೆ ಆಗದು’ ಎನ್ನುವ ಹಿರಿಯರೊಬ್ಬರಾದರೂ ಇರಲೇಬೇಕು.

ಅವರಿಗೆ ಕೊಡಬೇಕಾದ ಕೆಲಸಗಳು ನಿತ್ಯದವೇ ಆಗಿರಲಿ: ನಿನ್ನೆ ಪಾಠ ನಿಲ್ಲಿಸಿದ ಜಾಗಕ್ಕೆ ಹೋಗುವುದು, ತಮ್ಮದೇ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಸೇರಿಸುವುದು, ಹಿಂದಿನ ಕಿರುಪರೀಕ್ಷೆಯಲ್ಲಿ ಒಂದೇ ಬಗೆಯ ತಪ್ಪು ಮಾಡಿದ ಮಕ್ಕಳು ಯಾರೆಂದು ಹುಡುಕುವುದು. ನಡುವೆ ಒಮ್ಮೆ ಮೇನ್ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಬೇಕು. ಅಂತರ್ಜಾಲದ ಸಂಪರ್ಕವನ್ನೂ ಒಮ್ಮೆ ಕಿತ್ತು ನೋಡಬೇಕು. ಕೆಲಸ ಮುಗಿಯಿತೇ, ಎಷ್ಟು ನಿಮಿಷ ಹಿಡಿಯಿತು, ಎಷ್ಟು ಬಾರಿ ಸಹಾಯ ಕೇಳಿದರು ಎಂಬ ಮೂರನ್ನು ಮಾತ್ರ ಒಬ್ಬರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಬೇಕು. ಮಾರಾಟ ಪ್ರತಿನಿಧಿ ಆ ಕೊಠಡಿಯಲ್ಲಿ ಇರಬಾರದು. ಇರಲೇಬೇಕೆಂದರೆ ಬಾಯಿ ತೆರೆಯಬಾರದು. ‘ಇಲ್ಲಿ ಒತ್ತಿ ಸಾರ್’ ಎನ್ನುವ ಧ್ವನಿಯೊಂದು ಪಕ್ಕದಲ್ಲಿದ್ದರೆ ಯಾವ ತಂತ್ರಾಂಶವೂ ಸುಲಭವೇ.

ಮುಗಿದ ಮೇಲೆ ಅಭಿಪ್ರಾಯವನ್ನು ಅಂಕಿಗೆ ಇಳಿಸಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ‘ಸಿಸ್ಟಂ ಯೂಸಬಿಲಿಟಿ ಸ್ಕೇಲ್’ ಎಂಬ ಹತ್ತು ಹೇಳಿಕೆಗಳ ಪತ್ರಿಕೆಯನ್ನು ಬಳಸಬಹುದು. ಪ್ರತಿ ಹೇಳಿಕೆಗೆ 1ರಿಂದ 5ರವರೆಗೆ ಅಂಕ. ಬೆಸಸಂಖ್ಯೆಯ ಹೇಳಿಕೆಗಳು ಹೊಗಳುವಂಥವು, ಸಮಸಂಖ್ಯೆಯವು ದೂರುವಂಥವು. ಬೆಸಸಂಖ್ಯೆಯವಕ್ಕೆ ಕೊಟ್ಟ ಅಂಕದಿಂದ 1 ಕಳೆಯಬೇಕು. ಸಮಸಂಖ್ಯೆಯವಕ್ಕೆ ಕೊಟ್ಟ ಅಂಕವನ್ನು 5ರಿಂದ ಕಳೆಯಬೇಕು. ಒಟ್ಟು ಮೊತ್ತವನ್ನು ಎರಡೂವರೆಯಿಂದ ಗುಣಿಸಬೇಕು.

ಶಿಕ್ಷಕಿಯೊಬ್ಬರು ಬೆಸ ಹೇಳಿಕೆಗಳಿಗೆ 4, 4, 3, 4, 3 ಎಂದೂ ಸಮ ಹೇಳಿಕೆಗಳಿಗೆ 2, 4, 2, 2, 3 ಎಂದೂ ಅಂಕ ಕೊಟ್ಟರೆಂದು ಭಾವಿಸೋಣ. ಬೆಸ ಭಾಗದಿಂದ 3, 3, 2, 3, 2 ಸೇರಿ 13, ಸಮ ಭಾಗದಿಂದ 3, 1, 3, 3, 2 ಸೇರಿ 12, ಒಟ್ಟು 25. ಎರಡೂವರೆಯಿಂದ ಗುಣಿಸಿದರೆ 62.5. ಇದು ಶೇಕಡಾವಾರು ಅಲ್ಲ. ನೂರರವರೆಗಿನ ಒಂದು ಅಳತೆಗೋಲು. ಬಹುಸಂಖ್ಯೆಯ ಉತ್ಪನ್ನಗಳ ಸರಾಸರಿ ಸುಮಾರು 68 ಎಂದು ಅಧ್ಯಯನಗಳು ತಿಳಿಸುವುದರಿಂದ 62.5 ಎಂಬುದು ಸರಾಸರಿಗಿಂತ ಕೆಳಗೆ. ಮೊತ್ತವನ್ನು ನೋಡಿ ಅಲ್ಲಿಗೇ ನಿಲ್ಲಬಾರದು. ಯಾವ ಹೇಳಿಕೆಗೆ ಅಂಕ ಕೆಟ್ಟಿದೆ ಎಂದು ನೋಡಬೇಕು. ಈ ಉದಾಹರಣೆಯಲ್ಲಿ ನಾಲ್ಕನೆಯ ಹೇಳಿಕೆಗೆ 4 ಅಂಕ ಬಿದ್ದಿದೆ. ಆ ಹೇಳಿಕೆ ತಾಂತ್ರಿಕ ಸಿಬ್ಬಂದಿಯ ನೆರವಿಲ್ಲದೆ ಬಳಸಲಾಗದು ಎಂಬ ಅರ್ಥದ್ದು. ಹಾಗಿದ್ದರೆ ಶಾಲೆಯಲ್ಲಿ ಅಂತಹ ಸಿಬ್ಬಂದಿ ಯಾರು, ಅವರ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಮಂಡಳಿ ಖರೀದಿಗೆ ಮೊದಲೇ ಉತ್ತರ ಕಂಡುಕೊಳ್ಳಬೇಕು.

ಯಂತ್ರಗಂಟೆಯ ದರದಂತೆ ಪೀರಿಯಡ್ಡಿನ ದರ

ಕಾರ್ಖಾನೆ ನಡೆಸುವವರು ಯಂತ್ರಗಂಟೆಯ ದರವನ್ನು ಬಲ್ಲರು. ಯಂತ್ರದ ಬೆಲೆ ಎಷ್ಟೆಂಬುದಕ್ಕಿಂತ ಅದು ಓಡಿದ ಪ್ರತಿ ಗಂಟೆಗೆ ಎಷ್ಟು ಬಿದ್ದಿತು ಎಂಬುದು ವ್ಯವಹಾರವನ್ನು ನಿರ್ಧರಿಸುತ್ತದೆ. ಇದೇ ವಿಧಾನವನ್ನು ತಂತ್ರಾಂಶಕ್ಕೂ ಅನ್ವಯಿಸಬಹುದು. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡವು.

ಎಂಟು ಕೊಠಡಿಗಳ ಶಾಲೆಯೊಂದಕ್ಕೆ ಕೊಠಡಿಗೆ 60,000 ರೂ.ನಂತೆ 4,80,000 ರೂ.ಗಳಿಗೆ ಐದು ವರ್ಷದ ಪರವಾನಗಿಯ ದರಪಟ್ಟಿ ಬಂದಿದೆ ಎನ್ನೋಣ. ಇದರ ಮೇಲೆ ಶೇ. 18ರಂತೆ ಜಿ.ಎಸ್.ಟಿ. 86,400 ರೂ. ವ್ಯಾಪಾರಿಯಾದರೆ ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುತ್ತಾನೆ. ಶಾಲೆ ತನ್ನ ವಿದ್ಯಾರ್ಥಿಗಳಿಗೆ ನೀಡುವ ಶಿಕ್ಷಣ ಸೇವೆಗೆ ವಿನಾಯಿತಿ ಇರುವುದರಿಂದ ಅದಕ್ಕೆ ಈ ಜಮೆ ದೊರೆಯದು. ತೆರಿಗೆಯೂ ವೆಚ್ಚವೇ ಆಗುತ್ತದೆ. ಆಡಳಿತ ಮಂಡಳಿಯಲ್ಲಿರುವ ವರ್ತಕರು ತಮ್ಮ ಅಂಗಡಿಯ ಅಭ್ಯಾಸದಂತೆ ತೆರಿಗೆಯನ್ನು ಬಿಟ್ಟು ಲೆಕ್ಕ ಹಾಕುವ ಸಂಭವ ಇಲ್ಲಿ ಹೆಚ್ಚು. ಎರಡನೆಯ ವರ್ಷದಿಂದ ಶೇ. 12ರಂತೆ ವಾರ್ಷಿಕ ನಿರ್ವಹಣೆ 57,600 ರೂ., ತೆರಿಗೆ ಸೇರಿ 67,968 ರೂ.; ನಾಲ್ಕು ವರ್ಷಕ್ಕೆ 2,71,872 ರೂ. ಹದಿನಾರು ಶಿಕ್ಷಕರಿಗೆ ಮೂರು ದಿನಗಳ ತರಬೇತಿ, ದಿನಕ್ಕೆ 800 ರೂ.ನಂತೆ 38,400 ರೂ. ಬ್ಯಾಟರಿ ಮತ್ತು ವಿದ್ಯುತ್ತಿಗೆ ಐದು ವರ್ಷಕ್ಕೆ 60,000 ರೂ. ಇವೆಲ್ಲ ಸೇರಿ 9,36,672 ರೂ. ದರಪಟ್ಟಿಯ ಮೊತ್ತ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಇನ್ನು ಬಳಕೆ. ಪ್ರತಿ ಕೊಠಡಿಯಲ್ಲಿ ದಿನಕ್ಕೆ ಎರಡು ಪೀರಿಯಡ್, ವರ್ಷಕ್ಕೆ 200 ದಿನ ಎಂದು ಮಾರಾಟಗಾರರು ಹೇಳಿದರೆ ಐದು ವರ್ಷಕ್ಕೆ 16,000 ಪೀರಿಯಡ್. ಒಂದಕ್ಕೆ ಬೀಳುವ ದರ 58 ರೂ. 54 ಪೈಸೆ. ಬಳಕೆ ಕಷ್ಟವೆಂದು ಶಿಕ್ಷಕರು ಕೊಠಡಿಗೆ ವಾರಕ್ಕೊಂದೇ ಪೀರಿಯಡ್, ವರ್ಷಕ್ಕೆ 36 ವಾರ ಮಾತ್ರ ಬಳಸಿದರೆ ಒಟ್ಟು 1,440 ಪೀರಿಯಡ್. ದರ 650 ರೂ.ಗಳನ್ನು ದಾಟುತ್ತದೆ. ಬೆಲೆಯಲ್ಲಿ ಶೇ. 10 ರಿಯಾಯಿತಿಗಾಗಿ ಎರಡು ಗಂಟೆ ಚೌಕಾಶಿ ಮಾಡುವ ಮಂಡಳಿಗಳು ಈ ಹನ್ನೊಂದು ಪಟ್ಟು ವ್ಯತ್ಯಾಸದ ಬಗ್ಗೆ ಹತ್ತು ನಿಮಿಷವನ್ನೂ ವ್ಯಯಿಸುವುದಿಲ್ಲ.

ಲೆಕ್ಕಪತ್ರದಲ್ಲಿ ಇನ್ನೊಂದು ಮರೆ ಇದೆ. ತಂತ್ರಾಂಶದ ಬೆಲೆ ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ಕಾಣುತ್ತದೆ. ತರಬೇತಿಯ ವೆಚ್ಚವನ್ನು ಆಸ್ತಿಯಾಗಿ ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ಕೊಡುವುದಿಲ್ಲ, ಅದು ಆಯಾ ವರ್ಷದ ಖರ್ಚು. ಹೀಗಾಗಿ ಖರ್ಚು ಕಡಿಮೆ ಮಾಡಬೇಕೆಂಬ ಮಾತು ಬಂದ ವರ್ಷ ಮೊದಲು ಕತ್ತರಿ ಬೀಳುವುದು ತರಬೇತಿಗೆ. ಆಸ್ತಿ ಪುಸ್ತಕದಲ್ಲಿ ಉಳಿಯುತ್ತದೆ, ಅದನ್ನು ನಡೆಸುವ ಕೈ ಇರುವುದಿಲ್ಲ.

ಉಚಿತವಾಗಿ ದೊರೆಯುವ ತಂತ್ರಾಂಶಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಗಣಿತಕ್ಕೆ ‘ಜಿಯೋಜೀಬ್ರಾ’, ವಿಜ್ಞಾನಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಪ್ರಯೋಗಗಳು, 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ದೀಕ್ಷಾ’ ವೇದಿಕೆ ಇವೆಲ್ಲವನ್ನು ದುಬಾರಿ ಖರೀದಿಗೆ ಮೊದಲು ಬಳಸಿ ನೋಡುವುದು ವಿವೇಕ. ಪರವಾನಗಿಗೆ ಹಣವಿಲ್ಲದಿದ್ದರೂ ಶಿಕ್ಷಕರ ಸಿದ್ಧತೆಯ ಸಮಯ, ಮಕ್ಕಳ ಪೀರಿಯಡ್ ಉಚಿತವಲ್ಲ.

ಕರಾರಿನಲ್ಲಿ ಇರಬೇಕಾದದ್ದು

ಬೋಧನಾ ತಂತ್ರಾಂಶದ ದೊಡ್ಡ ಹೆಸರುಗಳೂ ಶಾಶ್ವತವಲ್ಲ. ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಒದಗಿಸುವುದರಲ್ಲಿ ಮುಂಚೂಣಿಯಲ್ಲಿದ್ದ ಎಜುಕಾಂಪ್ ಸಲ್ಯೂಷನ್ಸ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ‘ಬೈಜೂಸ್’ನ ಮಾತೃಸಂಸ್ಥೆ ಥಿಂಕ್ ಅಂಡ್ ಲರ್ನ್ ವಿರುದ್ಧದ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈನಲ್ಲಿ ಅಂಗೀಕರಿಸಿತು. ಸರಬರಾಜುದಾರ ಕಂಪನಿ ಹೀಗಾದಾಗ ಐದು ವರ್ಷದ ಹಣವನ್ನು ಮುಂಗಡವಾಗಿ ತೆತ್ತ ಶಾಲೆ ಭದ್ರತೆಯಿರುವ ಸಾಲಗಾರರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಖರೀದಿಗೆ ಮೂರನೆಯ ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದರೆ ತಂತ್ರಾಂಶ ನಿಂತ ಮಾತ್ರಕ್ಕೆ ಕಂತು ನಿಲ್ಲುವುದಿಲ್ಲ. ಆದ್ದರಿಂದ ವರ್ಷವಾರು ಪಾವತಿ, ಒಂದು ಭಾಗವನ್ನು ಬಳಕೆಯ ದಾಖಲೆ ನೋಡಿದ ಮೇಲೆ ಕೊಡುವ ಷರತ್ತು, ಅಂತರ್ಜಾಲವಿಲ್ಲದೆಯೂ ಪಾಠ ತೆರೆದುಕೊಳ್ಳುವ ಖಾತರಿ, ಶಿಕ್ಷಕರು ತಯಾರಿಸಿದ ಪ್ರಶ್ನೆಗಳು ಹಾಗೂ ಮಕ್ಕಳ ಅಂಕಗಳನ್ನು ಸಾಮಾನ್ಯ ಕಡತವಾಗಿ ಹೊರತೆಗೆಯುವ ಹಕ್ಕು ಇವು ಲಿಖಿತವಾಗಿ ಇರಬೇಕು.

ಮಕ್ಕಳ ಮಾಹಿತಿಯ ವಿಷಯ ಈಗ ಕಾನೂನಿನ ವಿಷಯವೂ ಆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿದ ಜಾಹೀರಾತು ನಿಷಿದ್ಧ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ವಿದ್ಯಾಸಂಸ್ಥೆಗಳಿಗೆ ಶೈಕ್ಷಣಿಕ ಚಟುವಟಿಕೆ ಮತ್ತು ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ಸರಬರಾಜುದಾರರು ಮಕ್ಕಳ ಪಟ್ಟಿಯನ್ನು ಮನೆಪಾಠದ ವ್ಯಾಪಾರಕ್ಕೆ ಬಳಸುವುದಕ್ಕೆ ಅವು ರಕ್ಷಣೆಯಾಗವು. ಪೋಷಕರ ದೂರವಾಣಿ ಸಂಖ್ಯೆಗಳನ್ನು ಕೊಡುವ ಮುನ್ನ ಖಜಾಂಚಿಯವರು ಈ ಷರತ್ತನ್ನು ಓದಲಿ.

ತಂತ್ರಾಂಶ ಮಾರುವ, ತಯಾರಿಸುವ ಸದಸ್ಯರೂ ವರ್ತಕ ಸಂಸ್ಥೆಗಳಲ್ಲಿ ಇದ್ದಾರೆ. ಅವರಿಗೆ ಇಂತಹ ಪರೀಕ್ಷೆಗಳು ಕಿರಿಕಿರಿಯೆನಿಸಬಹುದು. ಆದರೆ ಐವರು ಶಿಕ್ಷಕರ ಮುಂದೆ ತಮ್ಮ ಸರಕನ್ನು ಇಟ್ಟು ಅರ್ಧ ದಿನ ಮೌನವಾಗಿ ಕುಳಿತು ನೋಡಿದ ತಯಾರಕರಿಗೆ ಸಿಗುವ ತಿದ್ದುಪಡಿಗಳ ಪಟ್ಟಿ, ದೊಡ್ಡ ನಗರದ ಸಲಹೆಗಾರರು ಹಣ ಪಡೆದು ಕೊಡುವ ವರದಿಗಿಂತ ಬೆಲೆಯುಳ್ಳದ್ದು. ಕನ್ನಡ ಮಾಧ್ಯಮದ ಪಾಠಗಳನ್ನು ನೇರವಾಗಿ ಕನ್ನಡದಲ್ಲಿಯೇ ರಚಿಸುವ ಸಣ್ಣ ಉದ್ದಿಮೆಗಳಿಗೆ ಇಲ್ಲಿ ಅವಕಾಶವೂ ಇದೆ.

ಖರೀದಿಯಾದ ಮೇಲೆ ಮಾಡಬೇಕಾದ ಕೆಲಸ ಚಿಕ್ಕದು. ಪ್ರತಿ ಕೊಠಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಬಳಸಿದ ದಿನ, ವಿಷಯ, ಕೆಟ್ಟಿದ್ದರೆ ಏನು ಕೆಟ್ಟಿತು ಎಂಬುದನ್ನು ಶಿಕ್ಷಕರು ಒಂದು ಸಾಲಿನಲ್ಲಿ ಬರೆಯಬೇಕು. ತಂತ್ರಾಂಶವೇ ಕೊಡುವ ಬಳಕೆಯ ವರದಿಯನ್ನು ಇದರೊಂದಿಗೆ ತಾಳೆ ನೋಡಬೇಕು. ಪಾಸ್‌ಬುಕ್ಕನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವಂತೆ. ನಿರ್ವಹಣೆಯ ಬಿಲ್ಲು ಸಾಮಾನ್ಯವಾಗಿ ಹೊಸ ಶೈಕ್ಷಣಿಕ ವರ್ಷದ ಆರಂಭಕ್ಕೆ ಬರುವುದರಿಂದ ಈ ತಾಳೆಯನ್ನು ಮಾರ್ಚ್ ಕೊನೆಯೊಳಗೆ ಮುಗಿಸಿ, ಪೀರಿಯಡ್ಡಿನ ದರವನ್ನು ಮಂಡಳಿಯ ಸಭೆಯ ಮುಂದೆ ಇಡಬೇಕು. ಆ ಸಭೆಗೆ ಪರೀಕ್ಷೆಯಲ್ಲಿ ಪಾಲ್ಗೊಂಡ ಶಿಕ್ಷಕರನ್ನೂ ಕರೆಯಬೇಕು.